ಎ ಟ್ರೇನಿನ ಮೂರನೇ ಬಾರ್

ಎರಡು ಬಾರ್. ಅಂದರೆ ಹಾಡಿನ ಎರಡು ಆವರ್ತ, ಎಣಿಸಿದರೆ ಎಂಟು ಬಡಿತ, ರೆಕಾರ್ಡಿನ ವೇಗದಲ್ಲಿ ಹೆಚ್ಚುಕಡಿಮೆ ಮೂರು ಸೆಕೆಂಡು. ಅಷ್ಟನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು. ಮನೆಯವರಿಗೆಲ್ಲ ಆ ಮೂರು ಸೆಕೆಂಡು ಬಾಯಿಪಾಠ ಆಗಿಹೋಗಿದೆ. ನಮ್ಮ ಯಜಮಾನರು ಕುಕ್ಕರ್ ಇಡುವಾಗಲೂ ಅದನ್ನೇ ಶಿಳ್ಳೆ ಹಾಕುತ್ತಾರೆ, ಅದೂ ಅಪಸ್ವರದಲ್ಲಿ.

ಹಾಡು 'ಟೇಕ್ ದಿ ಎ ಟ್ರೇನ್'. ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ಆರ್ಕೆಸ್ಟ್ರಾ ವಿಕ್ಟರ್ ರೆಕಾರ್ಡ್ ಕಂಪನಿಗೆ 1941ರ ಫೆಬ್ರುವರಿ 15ರಂದು ನುಡಿಸಿದ ರೆಕಾರ್ಡು ನಾನು ಕೇಳಿದ್ದು. ಎಲಿಂಗ್ಟನ್ ತಂಡದ ಗುರುತಿನ ಹಾಡೇ ಇದಾದರೂ ಬರೆದವರು ಅವರಲ್ಲ, ಅವರ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್. ಸ್ವಿಂಗ್ ಅನ್ನುವ ಜಾಝ್ ಶೈಲಿಯ ಕಾಲದ ಹಾಡುಗಳಲ್ಲಿ ಇದು ಸುಲಭದ್ದು ಅಂತ ಎಲ್ಲರೂ ಹೇಳುತ್ತಾರೆ. ಸುಲಭದ್ದೇ, ಆ ಎರಡು ಬಾರ್ ಬಿಟ್ಟರೆ.

ನಾನು ಜಾಝ್ ಕಲಿತವಳಲ್ಲ. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಎಂಟು ವರ್ಷ ಪಿಟೀಲು ಕಲಿತೆ. ಮದುವೆ, ಬ್ಯಾಂಕ್ ಕೆಲಸ, ವರ್ಗಾವಣೆ ಅಂತ ಪಿಟೀಲು ಪೆಟ್ಟಿಗೆ ಸೇರಿತು. ಮಗಳಿಗೆ ಅಂತ ತಂದ ಕೀಬೋರ್ಡು ಅವಳು ಪಿಯುಸಿ ಸೇರಿದ ಮೇಲೆ ನನ್ನ ಪಾಲಿಗೆ ಬಂತು. ಈಗ ಭಾನುವಾರ ಸಂಜೆ ನಾವು ನಾಲ್ಕು ಜನ ಸೇರಿ ನುಡಿಸುತ್ತೇವೆ. ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು ಒಬ್ಬರು ಟೆನರ್ ಸ್ಯಾಕ್ಸೊಫೋನ್ ಊದುತ್ತಾರೆ. ಅವರು ಕದ್ರಿ ಗೋಪಾಲನಾಥ್ ಅವರನ್ನು ಕೇಳಿ ಸ್ಯಾಕ್ಸ್ ಹಿಡಿದವರು, ನಡುವೆ ದಾರಿ ತಪ್ಪಿ ಜಾಝ್ ಕಡೆ ತಿರುಗಿದವರು. ಕೆಳಗಿನ ಮನೆಯ ಹುಡುಗ ಬೇಸ್ ಗಿಟಾರ್, ಅವನ ಅಕ್ಕ ಡ್ರಮ್ಸ್.

"ಎ ಟ್ರೇನ್ ಎತ್ಕೊಳ್ಳೋಣಮ್ಮಾ, ಕಾರ್ಡ್ಸ್ ಜಾಸ್ತಿ ಇಲ್ಲ" ಅಂದರು ಮೇಷ್ಟ್ರು. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರಗಳ ಗುಂಪು. ಮಾರನೇ ದಿನ ಒಂದು ಹಾಳೆಯ ಫೋಟೋ ಕಳಿಸಿದರು.

ಆ ಹಾಳೆಯಿಂದಲೇ ಮೊದಲ ವಾರ ಹಾಳಾಗಿದ್ದು. ಹಾಳೆಯಲ್ಲಿ ಹಾಡು ಡಿ ಮೇಜರ್‌ನಲ್ಲಿತ್ತು, ಅಂದರೆ 'ಡಿ' ಅದರ ಷಡ್ಜ. ಅದರ ಪ್ರಕಾರ ಕೀಬೋರ್ಡ್ ನುಡಿಸುತ್ತಾ ರೆಕಾರ್ಡ್ ಹಾಕಿದರೆ ನನ್ನದೆಲ್ಲ ರೆಕಾರ್ಡಿಗಿಂತ ಒಂದು ಪೂರ್ತಿ ಸ್ವರ ಮೇಲೆ. ಹಳೇ ರೆಕಾರ್ಡು, ವೇಗ ಕಮ್ಮಿಯಾಗಿ ಶ್ರುತಿ ಇಳಿದಿರಬೇಕು ಅಂದುಕೊಂಡೆ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಎರಡು ಮೆಟ್ಟಿಲು ಇಳಿಸಿಕೊಂಡು ನಾಲ್ಕು ದಿನ ನುಡಿಸಿದೆ. ಆಮೇಲೆ ಗೊತ್ತಾಯಿತು, ಅದು ಟೆನರ್ ಸ್ಯಾಕ್ಸಿನವರಿಗೆ ಅಂತಲೇ ಬರೆದ ಹಾಳೆ. ಅವರು ಹಾಳೆಯಲ್ಲಿ ನೋಡಿ ಊದುವ 'ಡಿ' ನಮ್ಮ ಕಿವಿಗೆ 'ಸಿ' ಆಗಿ ಕೇಳುತ್ತದೆ. ವಾದ್ಯ ಇರೋದೇ ಹಾಗೆ. ಮೇಷ್ಟ್ರಿಗೆ ಫೋನ್ ಮಾಡಿದರೆ, "ಅಯ್ಯೋ, ನಿಮಗೆ ಅದು ಬೇರೆ ಅಲ್ವಾ" ಅಂತ ನಕ್ಕುಬಿಟ್ಟರು. ರೆಕಾರ್ಡಿನ ಹಾಡು ಸಿ ಮೇಜರ್‌ನಲ್ಲಿದೆ. ಶ್ರುತಿ ಏನೂ ಇಳಿದಿರಲಿಲ್ಲ.

ಸಿಟ್ಟಿಗೆ ಆ ಹಾಳೆಯನ್ನೇ ಬದಿಗಿಟ್ಟೆ. ಪಿಟೀಲು ಕಲಿಸಿದ ಗುರುಗಳು ಪುಸ್ತಕ ತೆಗೆಯಲು ಬಿಡುತ್ತಿರಲಿಲ್ಲ, ಕೇಳಿ ಹಾಡು ಅನ್ನುತ್ತಿದ್ದರು. ಹಾಗೇ ಮಾಡೋಣ ಅಂತ ಕೂತೆ.

ಮೊದಲು ಚೌಕುಳಿ ನೋಟ್‌ಬುಕ್ಕಿನಲ್ಲಿ ಸಾಲಿಗೆ ಎಂಟರಂತೆ ನಾಲ್ಕು ಸಾಲು ಮನೆ ಹಾಕಿಕೊಂಡೆ. ಒಂದು ಮನೆ ಅಂದರೆ ಒಂದು ಬಾರ್, ನಾಲ್ಕು ಬಡಿತದ ಒಂದು ಆವರ್ತ. ಈ ಕಾಲದ ಹಾಡುಗಳು ಹೆಚ್ಚಿನವು ಮೂವತ್ತೆರಡು ಬಾರಿನವು. ಎಂಟು ಬಾರಿನ ಒಂದು ಮಾತು, ಅದೇ ಮಾತು ಮತ್ತೊಮ್ಮೆ, ಆಮೇಲೆ ಎಂಟು ಬಾರಿನ ಬೇರೆ ಮಾತು, ಕೊನೆಗೆ ಮತ್ತೆ ಮೊದಲ ಮಾತು. ಪಲ್ಲವಿ ಎರಡು ಸಲ ಹಾಡಿ, ಅನುಪಲ್ಲವಿಗೆ ಹೋಗಿ, ಪಲ್ಲವಿಗೆ ಮರಳಿದ ಹಾಗೆ ಅಂತ ನಾನು ನೆನಪಿಟ್ಟುಕೊಂಡೆ. ಅಂದರೆ ಎಂಟು ಮನೆ ಬಿಡಿಸಿದರೆ ಇಪ್ಪತ್ತನಾಲ್ಕು ಮನೆ ತುಂಬಿದ ಹಾಗೆ. ಇದು ಗೊತ್ತಾದಾಗ ಬಹಳ ಸಮಾಧಾನ ಆಯಿತು, ಲಾಭದ ವ್ಯವಹಾರ.

ಆಮೇಲೆ ಬೇಸ್, ಎಲ್ಲಕ್ಕೂ ಕೆಳಗಿನ ಸ್ವರ ನುಡಿಸುವ ವಾದ್ಯ. ಕಾರ್ಡ್ ಹುಡುಕುವಾಗ ಹೊಸಬರೆಲ್ಲ ಮಾಡುವ ತಪ್ಪು ಅಂದರೆ ಇಡೀ ಕಾರ್ಡನ್ನು ಒಟ್ಟಿಗೆ ಕೇಳಿಸಿಕೊಳ್ಳಲು ಹೋಗೋದು. ನಾನೂ ಮಾಡಿದೆ. ಹದಿನೈದು ಜನ ಒಟ್ಟಿಗೆ ನುಡಿಸುವಾಗ ಅದು ಆಗದ ಕೆಲಸ. ಒಂದೇ ವಾದ್ಯದ ಹಿಂದೆ ಬೀಳಬೇಕು. ಈ ರೆಕಾರ್ಡಿನಲ್ಲಿ ಬೇಸ್ ನುಡಿಸಿದ್ದು ಜಿಮ್ಮಿ ಬ್ಲ್ಯಾಂಟನ್. ಮರುವರ್ಷವೇ, ಇಪ್ಪತ್ತಮೂರನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ಹುಡುಗ. ಆ ಹಳೇ ರೆಕಾರ್ಡಿನಲ್ಲೂ ಅವನ ಒಂದೊಂದು ಬೆರಳೇಟು ಬಿಡಿಬಿಡಿಯಾಗಿ ಕೇಳುತ್ತದೆ. ಹೆಡ್‌ಫೋನ್ ಹಾಕಿ, ವೇಗ ನೂರಕ್ಕೆ ಎಪ್ಪತ್ತಕ್ಕೆ ಇಳಿಸಿ, ಪ್ರತಿ ಬಾರಿನ ಮೊದಲ ಏಟು ಮಾತ್ರ ಹಿಡಿದೆ. ಕೀಬೋರ್ಡ್ ಮುಟ್ಟಲಿಲ್ಲ. ಬಾಯಲ್ಲಿ 'ಊಂ' ಅಂತ ಹಾಡಿಕೊಂಡು, ಆ ಸ್ವರ ಗಟ್ಟಿಯಾದ ಮೇಲೆ ಒಂದು ಬೆರಳಲ್ಲಿ ಹುಡುಕಿದೆ.

ಸಿ, ಸಿ, ಡಿ, ಡಿ, ಡಿ, ಜಿ, ಸಿ. ಎಂಟನೇ ಮನೆ ಸುಮ್ನೆ ಮತ್ತೆ ಮೊದಲಿಗೆ ಒಯ್ಯುವ ದಾರಿ. ಸ, ಸ, ರಿ, ರಿ, ರಿ, ಪ, ಸ. ಇಷ್ಟೇನಾ ಅನ್ನಿಸಿತು.

ಸಿ ಅಂದರೆ ಸಿ ಮೇಜರ್. ಹಾಡು ಮರಳಿ ಬಂದು ನಿಲ್ಲುವ ಮನೆ ಅದು, ಅನುಮಾನ ಇಲ್ಲ. ಜಿ ಅಂದರೆ ಜಿ ಸೆವೆನ್, ಮನೆಗೆ ವಾಪಸ್ ತಳ್ಳುವ ಕಾರ್ಡ್. ಡಿ? ಸಿ ಮೇಜರ್‌ನ ಬಿಳಿ ಕೀಗಳಲ್ಲಿ ಡಿ ಮೇಲೆ ಕಟ್ಟಿದರೆ ಬರೋದು ಡಿ ಮೈನರ್. ಮೂರು ಮನೆಗೂ ಡಿ ಮೈನರ್ ಸೆವೆನ್ (ಡಿ, ಎಫ್, ಎ, ಸಿ) ಬರೆದು, ಪೆನ್ನು ಮುಚ್ಚಿ, ರೆಕಾರ್ಡಿನ ಜೊತೆ ನುಡಿಸಿದೆ.

ಐದನೇ ಬಾರ್ ಸರಿ ಬಂತು. ಮೂರು, ನಾಲ್ಕು ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕಚ್ಚಿತು.

ಎಲ್ಲಿ ಕಚ್ಚುತ್ತಿದೆ ಅಂತ ಹುಡುಕಲು ನಾನು ಇಳಿದದ್ದು ನನಗೆ ಗೊತ್ತಿದ್ದ ದಾರಿಗೆ, ಹಾಡನ್ನೇ ಸ್ವರ ಹಾಕಿ ಹೇಳುವುದು. ಸ್ಯಾಕ್ಸೊಫೋನ್‌ಗಳು ಒಟ್ಟಿಗೆ ಎತ್ತಿಕೊಳ್ಳುವ ಆ ಮೊದಲ ಸಾಲು 'ಸಿ'ಯನ್ನು ಷಡ್ಜ ಮಾಡಿಕೊಂಡರೆ ಹೀಗೆ ಹೋಗುತ್ತದೆ: ಕೆಳಗಿನ ಪಂಚಮದಲ್ಲಿ ಉದ್ದಕ್ಕೆ ನಿಂತು, ಹಾರಿ ಮೇಲಿನ ಗಾಂಧಾರ. ಮತ್ತೆ ಪ, ಸ, ಗ ಅಂತ ಹತ್ತಿ, ಅಲ್ಲಿಂದ ಜಾರಿ ಬಂದು ನಿಲ್ಲೋದು ದ. ಯಾವ ದ? ಅಲ್ಲೇ ಇತ್ತು ಕಲ್ಲು. ನಾನು ಚತುಶ್ರುತಿ ಧೈವತ ಅಂದುಕೊಂಡು ಹಾಡುತ್ತಿದ್ದೆ. ಅದು ಶುದ್ಧ ಧೈವತ. ಕೀಬೋರ್ಡಿನಲ್ಲಿ ಹೇಳಬೇಕಾದರೆ 'ಎ' ಅಲ್ಲ, ಅದರ ಎಡಕ್ಕಿರುವ ಕಪ್ಪು ಕೀ, 'ಜಿ ಶಾರ್ಪ್'. ನನ್ನ ಎಡಗೈ ಡಿ ಮೈನರಿನಲ್ಲಿ 'ಎ' ಒತ್ತುತ್ತಿತ್ತು, ಹಾಡು ಅದಕ್ಕೆ ಅಂಟಿಕೊಂಡ 'ಜಿ ಶಾರ್ಪ್' ಹಿಡಿದು ನಿಂತಿತ್ತು. ಕಚ್ಚದೆ ಇನ್ನೇನು?

ಸರಿ, 'ಎ' ತೆಗೆದೆ. ಅದರ ಜಾಗಕ್ಕೆ ಹಾಡಿನ 'ಜಿ ಶಾರ್ಪ್' ಇಟ್ಟೆ. ಡಿ, ಎಫ್, ಜಿ ಶಾರ್ಪ್, ಸಿ. ಈಗ ಕಚ್ಚಲಿಲ್ಲ, ಆದರೆ ಅಳುವ ಹಾಗೆ ಕೇಳಿತು. ರೆಕಾರ್ಡಿನಲ್ಲಿ ಅಳು ಇಲ್ಲ. ಅಲ್ಲಿ ಏನೋ ಅರಳುತ್ತದೆ, ಕಿಟಕಿ ತೆಗೆದ ಹಾಗೆ. ಎರಡು ದಿನ ಇಲ್ಲೇ ಸಿಕ್ಕಿಕೊಂಡೆ. ಕೊನೆಗೆ ಬಿಡಿಸಿದ್ದು ತಂಬೂರಿ.

ಅಭ್ಯಾಸ ಬಲ ನೋಡಿ, ಕೀಬೋರ್ಡ್ ಮುಂದೆ ಕೂತಾಗಲೂ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡೇ ಕೂರುತ್ತೇನೆ. ಷಡ್ಜ, ಪಂಚಮ ಹಿಂದೆ ಗುಂಯ್‌ಗುಡುತ್ತಿದ್ದರೆ ನೆಲ ಸಿಕ್ಕ ಹಾಗೆ. ಅವತ್ತು ತಂಬೂರಿ ಇಟ್ಟುಕೊಂಡೇ ಮೂರನೇ ಬಾರ್ ನಿಧಾನಕ್ಕೆ ನುಡಿಸುತ್ತಾ 'ಎಫ್' ಇದ್ದ ಬೆರಳನ್ನು ಸುಮ್ನೆ ಪಕ್ಕದ ಕಪ್ಪು ಕೀಗೆ ಸರಿಸಿದೆ. 'ಎಫ್ ಶಾರ್ಪ್'. ಪ್ರತಿ ಮಧ್ಯಮ. ರೆಕಾರ್ಡಿನ ಬಣ್ಣ ಬಂದೇಬಿಟ್ಟಿತು. ಆದರೆ ಅದೇ ಕ್ಷಣಕ್ಕೆ ತಂಬೂರಿ ಕಿರಿಕಿರಿ ಶುರುವಾಯಿತು. ಸಣ್ಣ ಕಿರಿಕಿರಿ ಅಲ್ಲ, ಹಲ್ಲು ಜುಮ್ಮೆನ್ನುವಂಥದ್ದು. ತಂಬೂರಿ ಆಫ್ ಮಾಡಿದೆ, ಕಾರ್ಡ್ ಸೊಗಸಾಯಿತು. ಹಾಕಿದೆ, ಮತ್ತೆ ಜಗಳ.

ಬೆರಳ ಕೆಳಗಿನ ಸ್ವರಗಳನ್ನು ಬರೆದು ನೋಡಿದೆ. ಡಿ, ಎಫ್ ಶಾರ್ಪ್, ಜಿ ಶಾರ್ಪ್, ಸಿ. ರಿಷಭ, ಪ್ರತಿ ಮಧ್ಯಮ, ಶುದ್ಧ ಧೈವತ, ಷಡ್ಜ. ಪಂಚಮ ಇಲ್ಲ. ಇಲ್ಲ ಅಂದರೆ ಸುಮ್ನೆ ಇಲ್ಲದೆ ಇರೋದಲ್ಲ. ಪಂಚಮದ ಎಡಗಡೆ ಮನೆಯವರೂ ಬಂದಿದ್ದಾರೆ, ಬಲಗಡೆ ಮನೆಯವರೂ ಬಂದಿದ್ದಾರೆ, ನಡುವಿನ ಮನೆಗೆ ಬೀಗ. ಅದೂ ಯಾವಾಗ? ಹಾಡು ಪಂಚಮದಲ್ಲಿ ಉದ್ದಕ್ಕೆ ನಿಂತು ಶುರುವಾಗಿ ಇನ್ನೂ ಎರಡೇ ಬಾರ್ ಆಗಿದೆ. ನಮ್ಮ ಸಂಗೀತದಲ್ಲಿ ಷಡ್ಜ, ಪಂಚಮ ಅಲುಗಾಡದ ಸ್ವರಗಳು. ಸ್ಟ್ರೇಹಾರ್ನ್ ಮೂರನೇ ಬಾರಿನಲ್ಲಿ ಆ ಎರಡರಲ್ಲಿ ಒಂದನ್ನು ಕಾಲಡಿಯಿಂದ ಎಳೆದುಬಿಟ್ಟಿದ್ದಾರೆ. ಕಿಟಕಿ ತೆಗೆದ ಹಾಗೆ ನನಗೆ ಕೇಳಿಸಿದ್ದು ಇದೇ.

ಪುಸ್ತಕದಲ್ಲಿ ಈ ಕಾರ್ಡಿಗೆ ಹೆಸರು ಡಿ ಸೆವೆನ್ ಫ್ಲಾಟ್ ಫೈವ್. ಕೆಲವರು ಶಾರ್ಪ್ ಇಲೆವೆನ್ ಅಂತ ಬರೆಯುತ್ತಾರೆ. ಹೆಸರು ಯಾವುದಾದರೂ ಬೆರಳು ಹೋಗುವ ಜಾಗ ಅದೇ, ಆ ವಾದಕ್ಕೆ ನಾನು ಇಳಿಯಲಿಲ್ಲ.

ಈ ಕಾರ್ಡಿನಲ್ಲಿ ಇನ್ನೊಂದು ಮೋಜು ಇದೆ. ಡಿ ಇಂದ ಜಿ ಶಾರ್ಪ್‌ಗೆ ಆರು ಕೀ ದೂರ. ಜಿ ಶಾರ್ಪ್‌ನಿಂದ ಮೇಲಿನ ಡಿಗೂ ಆರೇ. ಎಫ್ ಶಾರ್ಪ್ ಮತ್ತು ಸಿ ನಡುವೆಯೂ ಹಾಗೇ. ಹಾಗಾಗಿ ಇದನ್ನು ತಲೆಕೆಳಗು ಮಾಡಿ ಜಿ ಶಾರ್ಪ್ ಮೇಲೆ ಕೂರಿಸಿದರೂ ಅದೇ ನಾಲ್ಕು ಸ್ವರ, ಅದೇ ಆಕಾರ. ಎರಡೂ ಕಡೆ ಹಿಡಿ ಇರುವ ಪಾತ್ರೆಯ ಹಾಗೆ, ಯಾವ ಕಡೆಯಿಂದ ಎತ್ತಿದರೂ ಆಗುತ್ತದೆ. ಆಗ ಇದು ತಮಾಷೆ ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿಟ್ಟುಕೊಂಡೆ ಅಷ್ಟೆ.

ಈ ನಾಲ್ಕು ಸ್ವರದ ಜೊತೆ ಅಂತರ ಗಾಂಧಾರ, ಕೈಶಿಕಿ ನಿಷಾದ ಸೇರಿಸಿ, ಪಂಚಮ ಬಿಟ್ಟು ಹಾಡಿ ನೋಡಿ. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ. ನಮ್ಮಲ್ಲಿ ಇದಕ್ಕೆ ಗೋಪ್ರಿಯ ಅನ್ನುತ್ತಾರೆ, 62ನೇ ಮೇಳ (ತಾಯಿರಾಗ) ಋಷಭಪ್ರಿಯದಿಂದ ಹುಟ್ಟಿದ ರಾಗ. ಇದು ಹೊಳೆದ ಮೇಲೆ ರೆಕಾರ್ಡಿನ ಆರಂಭಕ್ಕೆ ವಾಪಸ್ ಹೋದೆ. ಹಾಡು ಶುರುವಾಗುವ ಮುಂಚೆ ಎಲಿಂಗ್ಟನ್ ಪಿಯಾನೋದಲ್ಲಿ ನಾಲ್ಕು ಬಾರ್ ನುಡಿಸುತ್ತಾರೆ, ಅದನ್ನು ನಾನು ಇಷ್ಟು ದಿನ ಸುಮ್ನೆ ದಾಟಿಸುತ್ತಿದ್ದೆ. ಕೇಳಿದರೆ ಅಲ್ಲೂ ಅದೇ ಸಮಮೆಟ್ಟಿಲ ಬಣ್ಣ. ಮೂರನೇ ಬಾರಿನಲ್ಲಿ ಏನು ಬರಲಿದೆ ಅಂತ ಮೊದಲೇ ಸೂಚನೆ ಕೊಟ್ಟುಬಿಟ್ಟಿದ್ದಾರೆ. ಮನೆ ಬಾಗಿಲಲ್ಲೇ ಕೀ ನೇತುಹಾಕಿದ್ದರೂ ನಾನು ಹಿತ್ತಿಲಿಂದ ಗೋಡೆ ಹಾರುತ್ತಿದ್ದೆ.

ಅಲ್ಲಿಂದ ಮುಂದಕ್ಕೆ ನಾನು ಕಾರ್ಡಿನ ಹೆಸರು ಬರೆಯೋದು ಕಮ್ಮಿ ಮಾಡಿದೆ. ಒಂದೊಂದು ಸ್ವರ ಮುಂದಿನ ಕಾರ್ಡಿನಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಗೆರೆ ಎಳೆಯಲು ಶುರು ಮಾಡಿದೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ರಾಗದಲ್ಲಿ ಪಳಗಿದ ಕಿವಿಗೆ ಸಹಜವಾಗಿ ಬಂದದ್ದು. ನಾವು ಸ್ವರವನ್ನು ಅಡ್ಡಕ್ಕೆ ಕೇಳುವವರು, ರಾಶಿ ಹಾಕಿ ಉದ್ದಕ್ಕೆ ಕೇಳುವವರಲ್ಲ. ಹಾಗೆ ಎಳೆದಾಗ ಹಾಳೆಯ ಮೇಲೆ ಒಂದು ಆಕಾರ ಬಂತು.

ಒಂದನೇ ಬಾರಿನ ಪಂಚಮದಿಂದ ಶುರು ಮಾಡಿ. ಒಂದು ಗೆರೆ ಮೇಲಕ್ಕೆ ಹೋಗುತ್ತದೆ. ಸಿ ಮೇಜರ್‌ನಲ್ಲಿ ಜಿ, ಡಿ ಸೆವೆನ್‌ನಲ್ಲಿ ಜಿ ಶಾರ್ಪ್, ಡಿ ಮೈನರ್‌ನಲ್ಲಿ ಎ. ಅಲ್ಲಿಂದ ಒಂದು ಮೆಟ್ಟಿಲು ಹಾರಿ ಜಿ ಸೆವೆನ್‌ನ ಬಿ, ಕೊನೆಗೆ ಮೇಲಿನ ಸಿ. ಅದೇ ಪಂಚಮದಿಂದ ಇನ್ನೊಂದು ಗೆರೆ ಕೆಳಕ್ಕೆ. ಜಿ, ಎಫ್ ಶಾರ್ಪ್, ಎಫ್, ಜಿ ಸೆವೆನ್‌ನಲ್ಲೂ ಅದೇ ಎಫ್ ಕಾದು ನಿಂತು, ಕೊನೆಗೆ ಇ. ಸ್ವರದಲ್ಲಿ ಹೇಳಿದರೆ ಒಂದು ಕಡೆ ಪ, ಶುದ್ಧ ದ, ಚತುಶ್ರುತಿ ದ, ನಿ, ಸ. ಇನ್ನೊಂದು ಕಡೆ ಪ, ಪ್ರತಿ ಮ, ಶುದ್ಧ ಮ, ಶುದ್ಧ ಮ, ಗ. ಒಂದೇ ಬಿಂದುವಿನಿಂದ ಹೊರಟ ಎರಡು ದಾರಿ, ಕತ್ತರಿ ಬಾಯಿ ತೆರೆದ ಹಾಗೆ.

ಎರಡೇ ಬೆರಳಲ್ಲಿ ಇದನ್ನು ನುಡಿಸಿದೆ. ಬಲಗೈ ಹೆಬ್ಬೆರಳು ಇಳಿಯುತ್ತದೆ, ಕಿರುಬೆರಳು ಏರುತ್ತದೆ, ಎಡಗೈ ಕೆಳಗೆ ಸಿ, ಡಿ, ಡಿ, ಜಿ, ಸಿ. ಮಗಳು ಓದೋ ಮೇಜಿಂದಲೇ ಕೂಗಿದಳು, "ಅಮ್ಮಾ, ಈಗ ಅದು ಹಾಡಿನ ಥರಾನೇ ಇದೆ!" ಹಾಡನ್ನು ನಾನು ನುಡಿಸಿಯೇ ಇರಲಿಲ್ಲ. ಬರೀ ಆ ಎರಡು ಗೆರೆ ನುಡಿಸಿದ್ದೆ.

ಒಂದು ವಾರ ನಾನು ಈ ಹಾಡನ್ನು ಯಾವ ರಾಗಕ್ಕೆ ಸೇರಿಸಲಿ ಅಂತ ಒದ್ದಾಡಿದ್ದೂ ಇದರಿಂದ ಬಿಟ್ಟುಹೋಯಿತು. ಎರಡು ಮಧ್ಯಮ ಇದೆ, ಹಮೀರ್ ಕಲ್ಯಾಣಿ ಥರಾನಾ? ಎರಡು ಧೈವತ ಇದೆ, ಒಂದು ಅನ್ಯಸ್ವರ ಅನ್ನೋಣವಾ? ಯಾವುದೂ ಹೊಂದಲಿಲ್ಲ, ಹೊಂದಬೇಕಾಗಿಯೂ ಇಲ್ಲ. ಅನ್ಯಸ್ವರ ಬಂದು ರಾಗವನ್ನು ಅಲಂಕರಿಸಿ ಹೋಗುತ್ತದೆ. ಇಲ್ಲಿನ ಎಫ್ ಶಾರ್ಪ್ ಅಲಂಕಾರಕ್ಕೆ ಬಂದಿಲ್ಲ. ಎಫ್ ಆಗಿ ಇಳಿಯೋದಕ್ಕೇ ಬಂದಿದೆ.

ಈ ಇಳಿಯುವುದರ ಬಗ್ಗೆ ಒಂದು ಮಾತು. ಪಾಶ್ಚಾತ್ಯ ಲೆಕ್ಕದಲ್ಲಿ ಡಿ ಸೆವೆನ್ ಬಂದರೆ ಅದು ನೇರ ಜಿಗೆ ಕರೆದುಕೊಂಡು ಹೋಗಬೇಕು. ಅದರ ಎಫ್ ಶಾರ್ಪ್ ಮೇಲಿನ ಜಿಗೆ ಹತ್ತಲು ತುದಿಗಾಲಲ್ಲಿ ನಿಂತಿರುತ್ತದೆ. ಇಲ್ಲಿ ಹಾಗಾಗೋದಿಲ್ಲ. ಎರಡು ಬಾರ್ ಹಟ ಹಿಡಿದ ಎಫ್ ಶಾರ್ಪ್ ಐದನೇ ಬಾರಿನಲ್ಲಿ ತಣ್ಣಗೆ ಎಫ್‌ಗೆ ಇಳಿದುಬಿಡುತ್ತದೆ, ಡಿ ಸೆವೆನ್ ಹೋಗಿ ಡಿ ಮೈನರ್ ಆಗುತ್ತದೆ, ಆಮೇಲೆಯೇ ಜಿ. ಮೈಸೂರಿಗೆ ಹೊರಟ ರೈಲು ಮದ್ದೂರಲ್ಲಿ ನಿಂತ ಹಾಗೆ. ಊರು ತಲುಪೋದು ಗ್ಯಾರಂಟಿ, ನಡುವೆ ಒಂದು ವಡೆ.

ಮಧ್ಯದ ಎಂಟು ಬಾರ್ ಬೇಗ ಬಿಡಿಸಿತು. ನಾಲ್ಕು ಬಾರ್ ಎಫ್ ಮೇಜರ್, ಎರಡು ಬಾರ್ ಡಿ ಸೆವೆನ್, ಉಳಿದೆರಡರಲ್ಲಿ ಡಿ ಮೈನರ್ ಮತ್ತು ಜಿ ಸೆವೆನ್. ಅದರಲ್ಲೂ ಕೇಳಲೇಬೇಕಾದ್ದು ಡಿ ಸೆವೆನ್. ಪಲ್ಲವಿಯಲ್ಲಿ ಜಿ ಶಾರ್ಪ್ ತೊಟ್ಟು ಬಂದಿದ್ದ ಅದೇ ಕಾರ್ಡ್ ಇಲ್ಲಿ ಮಾಮೂಲಿ 'ಎ' ತೊಟ್ಟು ಬರುತ್ತದೆ. ಒಂದೇ ಮನುಷ್ಯ, ಮದುವೆಮನೆಯಲ್ಲಿ ಒಂದು ಥರ, ಆಫೀಸಿನಲ್ಲಿ ಒಂದು ಥರ. ಎರಡನ್ನೂ ಒಂದರ ಹಿಂದೊಂದು ನುಡಿಸಿ ನೋಡಿದರೆ ಆ ಒಂದು ಸ್ವರದ ಬೆಲೆ ಗೊತ್ತಾಗುತ್ತದೆ.

ಮೂರನೇ ವಾರ ಈ ಹಾಡಿನ ಹಿನ್ನೆಲೆ ಓದಿದೆ. ಮೊದಲೇ ಓದಿದ್ದರೆ ಇಷ್ಟು ರುಚಿಸುತ್ತಿರಲಿಲ್ಲವೇನೋ. ಸ್ಟ್ರೇಹಾರ್ನ್ ಪಿಟ್ಸ್‌ಬರ್ಗಿನ ಹುಡುಗ. 1938ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದಿದ್ದ ಎಲಿಂಗ್ಟನ್‌ರನ್ನು ಕಂಡು ಪಿಯಾನೋ ನುಡಿಸಿ ತೋರಿಸಿದರು. ಎಲಿಂಗ್ಟನ್ ನ್ಯೂಯಾರ್ಕಿಗೆ ಕರೆದು, ಹಾರ್ಲೆಮ್ಮಿನ ಶುಗರ್ ಹಿಲ್‌ನಲ್ಲಿದ್ದ ತಮ್ಮ ಮನೆಗೆ ಬರುವ ದಾರಿ ಹೇಳಿದರು. ಎ ಟ್ರೇನ್ ಹಿಡಿ ಅನ್ನೋದು ಆ ದಾರಿಯ ಮೊದಲ ಮಾತು. ಎಂಟನೇ ಅವೆನ್ಯೂ ಕೆಳಗೆ 1932ರಿಂದ ಓಡುತ್ತಿದ್ದ ಸುರಂಗ ರೈಲು ಅದು. ವಿಳಾಸ ಬರೆದ ಚೀಟಿಯೇ ಹಾಡಾಯಿತು.

ಬರೆದದ್ದು 1939ರಲ್ಲಿ, ಹೊರಗೆ ಬಂದದ್ದು ಮಾತ್ರ 1941ರಲ್ಲಿ. ಹೊರಗೆ ತಂದದ್ದು ಒಂದು ಹಣದ ಜಗಳ. ಹಾಡು ಕಟ್ಟುವವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಆಸ್ಕ್ಯಾಪ್ ಸಂಸ್ಥೆ ದರ ಏರಿಸಿತು. ರೇಡಿಯೋದವರು ಒಪ್ಪಲಿಲ್ಲ. 1941ರ ಜನವರಿ ಒಂದರಿಂದ ಆ ಸಂಸ್ಥೆಯ ಸದಸ್ಯರ ಹಾಡು ದೊಡ್ಡ ರೇಡಿಯೋ ಜಾಲಗಳಲ್ಲಿ ಬಂದ್. ಎಲಿಂಗ್ಟನ್ ಸದಸ್ಯ. ಹಾಗಾಗಿ ಅವರ ತಂಡವೇ ಅವರ ಹಾಡು ರೇಡಿಯೋದಲ್ಲಿ ನುಡಿಸುವಂತಿಲ್ಲ! ಸ್ಟ್ರೇಹಾರ್ನ್ ಮತ್ತು ಎಲಿಂಗ್ಟನ್‌ರ ಮಗ ಮರ್ಸರ್ ಸದಸ್ಯರಾಗಿರಲಿಲ್ಲ. ಇಬ್ಬರೂ ಕೂತು ಬೇಗಬೇಗ ಹೊಸ ಹಾಡುಗಳನ್ನು ಕಟ್ಟಿದರು. ಮರ್ಸರ್ ಆಮೇಲೆ ಹೇಳಿಕೊಂಡ ಹಾಗೆ, ಎ ಟ್ರೇನಿನ ಹಾಳೆಯನ್ನು ಅವರು ಎತ್ತಿಕೊಂಡದ್ದು ಕಸದ ಬುಟ್ಟಿಯಿಂದ. ಇನ್ನೊಂದು ಜಾಝ್ ತಂಡದ ಫ್ಲೆಚರ್ ಹೆಂಡರ್ಸನ್ ಬರೆದ ಥರ ಇದೆ ಅಂತ ಸ್ಟ್ರೇಹಾರ್ನ್ ಬಿಸಾಕಿದ್ದರಂತೆ.

ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿದಾಗ ಸ್ಟ್ರೇಹಾರ್ನ್ ಯಾಕೆ ಹಾಗಂದುಕೊಂಡರು ಅಂತ ಅರ್ಥ ಆಯಿತು. ಸಿ, ಡಿ ಸೆವೆನ್, ಡಿ ಮೈನರ್, ಜಿ, ಸಿ. ಷಡ್ಜದಿಂದ ಎಣಿಸಿದರೆ ಒಂದು, ಎರಡು, ಐದು, ಒಂದು. ಇದು ಯಾರ ಸ್ವತ್ತೂ ಅಲ್ಲ, ಊರ ಬಾವಿ. ಮುಂದೆ 1962ರಲ್ಲಿ ಬ್ರೆಜಿಲ್‌ನ ಜೋಬಿಮ್ 'ದಿ ಗರ್ಲ್ ಫ್ರಮ್ ಇಪನೇಮಾ' ಕಟ್ಟಿದಾಗಲೂ ಮೊದಲ ಎಂಟು ಬಾರಿನ ಅಡಿಪಾಯ ಹೆಚ್ಚುಕಡಿಮೆ ಇದೇ. ಅದನ್ನು ಸಿಗೆ ಇಳಿಸಿಕೊಂಡರೆ ಎರಡು ಬಾರ್ ಸಿ, ಎರಡು ಬಾರ್ ಡಿ ಸೆವೆನ್, ಒಂದು ಬಾರ್ ಡಿ ಮೈನರ್. ಜಿ ಬದಲು ಸಿ ಪಕ್ಕದ ಕಪ್ಪು ಕೀ ಡಿ ಫ್ಲಾಟ್‌ನಿಂದ ಮನೆಗೆ ಬರುತ್ತಾರೆ, ಅಷ್ಟೇ ವ್ಯತ್ಯಾಸ. ಕೇಳುವವರಿಗೆ ಎರಡೂ ಒಂದೇ ಅಂತ ಕನಸಲ್ಲೂ ಅನ್ನಿಸೋದಿಲ್ಲ. ನನ್ನ ಕಣ್ಣಿಗೆ ಎ ಟ್ರೇನ್ ಬುಟ್ಟಿಯಿಂದ ಎದ್ದು ಬಂದದ್ದು ಆ ಜಿ ಶಾರ್ಪ್ ಕೈ ಹಿಡಿದೇ. ಇದು ನನ್ನ ಅಭಿಪ್ರಾಯ, ಮೇಷ್ಟ್ರು ಒಪ್ಪೋದಿಲ್ಲ. "ಜಿ ಶಾರ್ಪ್ ಅಲ್ಲಮ್ಮಾ, ರೇ ನ್ಯಾನ್ಸ್ ಟ್ರಂಪೆಟ್ಟು" ಅನ್ನುತ್ತಾರೆ. ಎರಡನೇ ಸುತ್ತಿನಲ್ಲಿ ಆ ತಂಡದ ನ್ಯಾನ್ಸ್ ಮ್ಯೂಟ್ (ಟ್ರಂಪೆಟ್ಟಿನ ದನಿ ತಗ್ಗಿಸುವ ಮುಚ್ಚಳ) ಹಾಕಿ ಒಬ್ಬರೇ ನುಡಿಸಿದ ಸೋಲೋ ಆಮೇಲೆ ಹಾಡಿನ ಭಾಗವೇ ಆಗಿಹೋಯಿತು, ಅದು ನಿಜ. ಆತ ಪಿಟೀಲೂ ನುಡಿಸುತ್ತಿದ್ದರು ಅಂತ ತಿಳಿದ ಮೇಲೆ ನಾನು ಜಾಸ್ತಿ ವಾದ ಮಾಡಲಿಲ್ಲ.

ಇಷ್ಟೆಲ್ಲ ಆದಮೇಲೂ ರೆಕಾರ್ಡಿನ ಕೊನೆಯ ಸುತ್ತಿನಲ್ಲಿ ಎಡವಿದೆ. ನ್ಯಾನ್ಸ್ ಸೋಲೋ ಮುಗಿದ ಕೂಡಲೇ ನಾಲ್ಕು ಬಾರಿನ ಒಂದು ತುಂಡು ಬರುತ್ತದೆ. ಅಲ್ಲಿ ಇದ್ದಕ್ಕಿದ್ದಂತೆ ಎಣಿಕೆ ಮೂರು ಮೂರಾಗಿ ಕೇಳುತ್ತದೆ. ತಾಳ ಹಾಕುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಆ ಗಲಿಬಿಲಿಯಲ್ಲೇ ಹಾಡು ಸಿ ಇಂದ ಇ ಫ್ಲಾಟ್‌ಗೆ ಹತ್ತಿಬಿಟ್ಟಿರುತ್ತದೆ. ನಾನು ಇನ್ನೂ ಸಿಯಲ್ಲಿದ್ದೆ. ಇಲ್ಲಿ ನನ್ನನ್ನು ಉಳಿಸಿದ್ದು ನಂಬರ್‌ಗಳು. ಸಿ, ಡಿ, ಜಿ ಅಂತ ಕಲಿತಿದ್ದರೆ ಎಲ್ಲ ಮತ್ತೆ ಮೊದಲಿಂದ. ಒಂದು, ಎರಡು, ಐದು ಅಂತ ಕಲಿತರೆ ಷಡ್ಜ ಬದಲಾದರೂ ಲೆಕ್ಕ ಬದಲಾಗೋದಿಲ್ಲ. ಹಾಡುವವರ ಶ್ರುತಿ ಬದಲಾದರೆ ನಾವು ತಂತಿ ಬಿಗಿಮಾಡಿಕೊಂಡು ಅದೇ ಬೆರಳಲ್ಲಿ ನುಡಿಸೋದಿಲ್ವಾ, ಹಾಗೆ. ಕೀಬೋರ್ಡಿನಲ್ಲಿ ಬೆರಳು ಬದಲಾಗುತ್ತದೆ ಅನ್ನೋದೊಂದೇ ಕಷ್ಟ. ಡಿ ಸೆವೆನ್ ಜಾಗಕ್ಕೆ ಎಫ್ ಸೆವೆನ್, ಜಿ ಶಾರ್ಪ್ ಜಾಗಕ್ಕೆ ಬಿ. ಭಾನುವಾರಕ್ಕೆ ನಾವು ಈ ಏರಿಕೆ ಬೇಡ ಅಂತ ತೀರ್ಮಾನ ಮಾಡಿದೆವು. ಮಾನ ಮುಖ್ಯ.

ಕೊನೆಯಲ್ಲಿ ಮೇಷ್ಟ್ರ ಹಾಳೆಯನ್ನು ಮತ್ತೆ ತೆಗೆದು, ಸಿಗೆ ಇಳಿಸಿಕೊಂಡು ನನ್ನ ನೋಟ್‌ಬುಕ್ಕಿನ ಪಕ್ಕ ಇಟ್ಟೆ. ಮುಖ್ಯ ಮನೆಗಳೆಲ್ಲ ತಾಳೆಯಾದವು. ಎಂಟನೇ ಬಾರಿನಲ್ಲಿ ಅವರ ಹಾಳೆ ಡಿ ಮೈನರ್, ಜಿ ಸೆವೆನ್ ಎರಡನ್ನೂ ತುರುಕಿತ್ತು. ನಾನು ಖಾಲಿ ಬಿಟ್ಟಿದ್ದೆ. ಹದಿನಾರನೇ ಬಾರಿನಲ್ಲಿ ಅವರದು ಜಿ ಮೈನರ್, ಸಿ ಸೆವೆನ್, ಎಫ್‌ಗೆ ದಾರಿ ಮಾಡಿಕೊಡಲು. ನನ್ನ ಕಿವಿಗೆ ಅಷ್ಟು ಸಿಕ್ಕಿರಲಿಲ್ಲ. ನುಡಿಸಿ ನೋಡಿದೆ, ಚೆನ್ನಾಗಿತ್ತು, ಇಟ್ಟುಕೊಂಡೆ. ನುಡಿಸುವವರು ತಮಗೆ ಬೇಕಾದ ಹಾಗೆ ಒಗ್ಗರಣೆ ಹಾಕುವ ಜಾಗ ಇವು, ಒಂದು ಹಾಳೆಗೂ ಇನ್ನೊಂದಕ್ಕೂ ಇಲ್ಲೇ ವ್ಯತ್ಯಾಸ ಬರೋದು.

ಭಾನುವಾರ ಮೇಷ್ಟ್ರ ಮನೆ ಮಹಡಿಯಲ್ಲಿ ಕೂತೆವು. ನಾನು ದೊಡ್ಡ ಕಾರ್ಡ್ ಹಿಡಿಯಲೇ ಇಲ್ಲ. ಬಲಗೈಯಲ್ಲಿ ಆ ಎರಡು ಗೆರೆ, ಎಡಗೈ ಆಗಾಗ ಮಾತ್ರ. ಕೆಳಗೆ ಬೇಸ್ ಹುಡುಗ ಇದ್ದಾನಲ್ಲ. ಮೊದಲ ಸುತ್ತು ದಾಟಿತು. ಎರಡನೇ ಸುತ್ತಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಸೋಲೋ ಎತ್ತಿಕೊಂಡರು. ಮೂರನೇ ಬಾರ್ ಬಂತು. ಹುಡುಗ ಅವರ ಸ್ಯಾಕ್ಸ್ ಕೇಳಿಸಿಕೊಳ್ಳುತ್ತಾ ಮೈಮರೆತು ಡಿ ಒತ್ತುವ ಬದಲು ಹಾಡಿನ ಸ್ವರವನ್ನೇ, ಜಿ ಶಾರ್ಪನ್ನೇ, ಕೆಳಗೆ ಒತ್ತಿಬಿಟ್ಟ. ಕಾರ್ಡ್ ತಲೆಕೆಳಗಾಗಿ ಕೂತಿತು. ಒಂದು ಕ್ಷಣ ಮಹಡಿಯೇ ಸ್ವಲ್ಪ ವಾಲಿದ ಹಾಗೆ ಅನ್ನಿಸಿ ಮತ್ತೆ ನೆಟ್ಟಗಾಯಿತು. ಕಚ್ಚಲಿಲ್ಲ.

ಹಾಡು ಮುಗಿದಾಗ ಹುಡುಗ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಆಂಟಿ, ಅಲ್ಲಿ ಡಿ ಅಲ್ವಾ?"

ನಾನು ನೋಟ್‌ಬುಕ್ಕಿನ ಅಂಚು ಹುಡುಕುತ್ತಿದ್ದೆ. ಮೇಷ್ಟ್ರು ರೀಡ್ ಒರೆಸಿಕೊಳ್ಳುತ್ತಾ, "ಏನು ಒತ್ತಿದ್ಯೋ ಗೊತ್ತಿಲ್ಲ ಕಣೋ" ಅಂದರು, "ಇನ್ನೊಂದ್ಸಲ ಅದನ್ನೇ ಒತ್ತು."

ಅವನ ಅಕ್ಕ ಆಗಲೇ ಕಡ್ಡಿ ಕುಟ್ಟಿ ಎಣಿಸಲು ಶುರು ಮಾಡಿದ್ದಳು.